ಅಳಿದುಹೋದ ಪ್ರಾಣಿಗಳನ್ನು ಕ್ಲೋನಿಂಗ್ ಮಾಡಿ ವಾಪಸ್ ತರಬೇಕಾ? ಐನ್‌ಮನೆಯ ಕಾಟಿ ತಲೆ ನೋಡಿ ಬಂದ ಪ್ರಶ್ನೆ

ಅಮ್ಮತ್ತಿ ಐನ್‌ಮನೆ
ಎಲ್ಲರಿಗೂ ನಮಸ್ಕಾರ. ಹೋದ ವಾರ ಗುರುಕಾರೋಣರಿಗೆ (ಕುಲದ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡಲು ನಾವೆಲ್ಲ ಕುಲದ ಮೂಲ ಮನೆಯಾದ ಐನ್‌ಮನೆಯಲ್ಲಿ ಸೇರಿದ್ದೆವು. ಕಯ್ಯಾಲೆಯ (ಜಗಲಿಯ) ಗೋಡೆ ಮೇಲೆ ಒಂದು ಕಾಟಿಯ, ಅಂದರೆ ಕಾಡುಕೋಣದ, ತಲೆ ಇದೆ. ನನ್ನ ಮುತ್ತಜ್ಜ ಹೊಡೆದದ್ದು. ಒಂದು ಕಿವಿ ಹುಳ ಹಿಡಿದು ಉದುರಿದೆ, ಕೊಂಬು ಮಾತ್ರ ಹಾಗೇ ಇದೆ. ಅಕ್ಕನ ಮಗನಿಗೆ 11 ವರ್ಷ. ಊಟಕ್ಕೆ ಕರೆದರೂ ಬಾರದೆ ಅದರ ಕೆಳಗೇ ನಿಂತಿದ್ದ. ಆಮೇಲೆ ಕೇಳಿದ, "ಮಾವ, ಈ ಚರ್ಮದಿಂದ ಇದನ್ನು ಮತ್ತೆ ಹುಟ್ಟಿಸಬಹುದಾ? ಅಮೆರಿಕದಲ್ಲಿ ಸತ್ತುಹೋದ ತೋಳವನ್ನು ಹುಟ್ಟಿಸಿದ್ದಾರಂತೆ."

ನನಗೆ ಉತ್ತರ ಗೊತ್ತಿರಲಿಲ್ಲ. ಕಾಟಿ ಇನ್ನೂ ನಮ್ಮ ಕಾಡಲ್ಲಿದೆ, ಅದರ ಮಾತು ಬೇರೆ. ಪೂರ್ತಿ ಅಳಿದುಹೋದವುಗಳ ಕಥೆ ಏನು? ನಿಜವಾಗಿ ತರಲು ಆಗುತ್ತದಾ? ಆಗುವುದಾದರೆ ತರಬೇಕಾ? ನನಗಂತೂ ತರಬೇಕು ಅನ್ನಿಸುತ್ತದೆ. ಹಿರಿಯರು ಹೊಡೆದು ಮುಗಿಸಿದ್ದನ್ನು ನಾವು ವಾಪಸ್ ಕೊಟ್ಟರೆ ತಪ್ಪೇನು? ತಿಳಿದವರು ಹೇಳಿ.

ಸಿದ್ದಾಪುರ ತೋಟ
ಬೇಡ. ಇರೋ ಆನೆಗೇ ಜಾಗ ಇಲ್ಲ.

ಪೊನ್ನಂಪೇಟೆ ಫಾರೆಸ್ಟ್ರಿ
ಒಂದೇ ಮಾತಲ್ಲಿ ಬೇಡ ಅಂದರೆ ಹೇಗಣ್ಣ? ನಾನು ಅರಣ್ಯಶಾಸ್ತ್ರ ಓದುತ್ತಿದ್ದೇನೆ. ನನ್ನ ಓಟು "ತರಬೇಕು" ಅನ್ನುವುದಕ್ಕೆ.

ಉತ್ತರ ಅಮೆರಿಕದಲ್ಲಿ ಪ್ಯಾಸೆಂಜರ್ ಪಿಜನ್ ಅಂತ ಪಾರಿವಾಳ ಇತ್ತು. ನೂರಾರು ಕೋಟಿ ಇದ್ದವು, ಹಿಂಡು ಹಾರಿದರೆ ಸೂರ್ಯ ಮುಚ್ಚಿಹೋಗುತ್ತಿತ್ತು. ಹೊಡೆದು ಹೊಡೆದು ಮುಗಿಸಿದರು. ಮಾರ್ಥಾ ಅನ್ನುವ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತಿತು. ಟಾಸ್ಮೇನಿಯಾದ ಥೈಲಸೀನ್ ನೋಡಿ. ಮೈಮೇಲೆ ಪಟ್ಟೆ, ಹೊಟ್ಟೆಯಲ್ಲಿ ಚೀಲ, ನೋಡಲು ನಾಯಿಯ ಹಾಗೆ. ಕುರಿ ತಿನ್ನುತ್ತದೆ ಅಂತ ಅಲ್ಲಿನ ಸರಕಾರವೇ ತಲೆಗಿಷ್ಟು ಅಂತ ದುಡ್ಡು ಕೊಟ್ಟು ಕೊಲ್ಲಿಸಿತು. ಕಾನೂನಿನ ರಕ್ಷಣೆ ಸಿಕ್ಕಿದ್ದು 1936ರ ಜುಲೈಯಲ್ಲಿ. ಅದಾಗಿ ಎರಡು ತಿಂಗಳೂ ತುಂಬಿರಲಿಲ್ಲ, ಸೆಪ್ಟೆಂಬರ್ 7ಕ್ಕೆ ಕೊನೆಯದು ಹೋಬಾರ್ಟ್ ಮೃಗಾಲಯದಲ್ಲಿ ಸತ್ತಿತು.

ಇವು ತಾವಾಗಿ ಅಳಿದದ್ದಲ್ಲ, ನಾವು ಅಳಿಸಿದ್ದು. ಸಾಲ ಮಾಡಿದವರು ತೀರಿಸಬೇಕು ಅಲ್ವಾ?

ಕುಟ್ಟ ಗಡಿ
ಡೈನೋಸಾರ್ ತಂದರೆ ಏನು ಮಾಡುತ್ತೀರಿ?

ಮಾದಾಪುರ ಮೇಷ್ಟ್ರು
ಅದು ಆಗದ ಮಾತು. ಪ್ರಾಣಿ ಸತ್ತ ಮೇಲೆ ಡಿಎನ್‌ಎ ಚೂರುಚೂರಾಗುತ್ತಾ ಹೋಗುತ್ತದೆ. ಡೈನೋಸಾರ್‌ಗಳು ಹೋಗಿ 6.6 ಕೋಟಿ ವರ್ಷ ಆಯಿತು. ಓದಲು ಏನೂ ಉಳಿದಿಲ್ಲ.

ಆದರೆ ಹಳೇ ಚರ್ಮದಲ್ಲಿ ಏನೂ ಇರುವುದಿಲ್ಲ ಅಂತ ಆ ಹುಡುಗನಿಗೆ ಹೇಳಬೇಡಿ. ಆಫ್ರಿಕಾದಲ್ಲಿ ಕ್ವಾಗಾ ಅಂತ ಅರ್ಧ ಮೈಗೆ ಮಾತ್ರ ಪಟ್ಟೆ ಇದ್ದ ಜೀಬ್ರಾ ಇತ್ತು. ಕೊನೆಯದು 1883ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸತ್ತಿತು. ಮ್ಯೂಸಿಯಂನಲ್ಲಿದ್ದ ಅದರ ಒಣಗಿದ ಚರ್ಮದಿಂದ 1984ರಲ್ಲಿ ಡಿಎನ್‌ಎ ಚೂರು ತೆಗೆದು ಓದಿದರು. ಅಳಿದ ಪ್ರಾಣಿಯ ಡಿಎನ್‌ಎ ಓದಿದ್ದು ಅದೇ ಮೊದಲು. ಹುಡುಗ ಕೇಳಿದ್ದು ಸಣ್ಣ ಪ್ರಶ್ನೆ ಏನಲ್ಲ.

ಸೋಮವಾರಪೇಟೆ ದನದ ಡಾಕ್ಟರ್
ಮೇಷ್ಟ್ರು ಹೇಳಿದ್ದು ಸರಿ. ಆದರೆ ಓದುವುದು ಬೇರೆ, ಹುಟ್ಟಿಸುವುದು ಬೇರೆ. ಕ್ಲೋನಿಂಗ್‌ಗೆ ಚೂರು ಸಾಲದು. ಇಡೀ ಜೀವಕೋಶ ಬೇಕು, ಅದೂ ಜೀವಂತ ಇರಬೇಕು ಇಲ್ಲವೇ ಜೀವ ಕೆಡದ ಹಾಗೆ ತಣ್ಣಗೆ ಇಟ್ಟಿರಬೇಕು. ಹದ ಮಾಡಿ ಗೋಡೆಗೆ ಹೊಡೆದ ಚರ್ಮದಲ್ಲಿ ಅಂಥ ಕೋಶ ಒಂದೂ ಇರುವುದಿಲ್ಲ.

ಕೆಲಸ ಹೇಗೆ ಅಂದರೆ, ಹತ್ತಿರದ ಜಾತಿಯ ಹೆಣ್ಣಿನಿಂದ ಒಂದು ಅಂಡ ತೆಗೆದು ಅದರ ನಡುವಿನ ಕೇಂದ್ರ ತೆಗೆದುಹಾಕುತ್ತಾರೆ. ನಮಗೆ ಬೇಕಾದ ಪ್ರಾಣಿಯ ಚರ್ಮದ ಕೋಶವನ್ನು ಅಲ್ಲಿ ಇಡುತ್ತಾರೆ. ಸಣ್ಣ ಕರೆಂಟ್ ಕೊಟ್ಟರೆ ಎರಡೂ ಕೂಡಿಕೊಳ್ಳುತ್ತವೆ. ಭ್ರೂಣ ಬೆಳೆದರೆ ಬಾಡಿಗೆ ತಾಯಿಯ ಗರ್ಭಕ್ಕೆ ಹಾಕುತ್ತಾರೆ. ಹೇಳಲು ಸುಲಭ. 1996ರಲ್ಲಿ ಡಾಲಿ ಕುರಿ ಹುಟ್ಟಿದ್ದು 277 ಪ್ರಯತ್ನಗಳಲ್ಲಿ ಒಂದೇ ಒಂದು. ನಮ್ಮ ದೇಶದ ಕರ್ನಾಲ್‌ನಲ್ಲಿ 2009ರಲ್ಲಿ ಎಮ್ಮೆ ಕರು ಹೀಗೆ ಹುಟ್ಟಿಸಿದರು. ಮೊದಲನೆಯದು ಕೆಲವೇ ದಿನದಲ್ಲಿ ಸತ್ತಿತು, ಎರಡನೆಯದು ಉಳಿಯಿತು.

ಅಮ್ಮತ್ತಿಯವರೇ, ನಿಮ್ಮ ಸೋದರಳಿಯನಿಗೆ ಇದನ್ನು ಹೇಳಿ. ಕ್ಲೋನಿಂಗ್‌ನಿಂದ ಕಾಟಿ ಒಮ್ಮೆ ಹುಟ್ಟಿದೆ! ಅಮೆರಿಕದ ಅಯೋವಾದಲ್ಲಿ, 2001ರ ಜನವರಿಯಲ್ಲಿ. ಹೆಸರು ನೋವಾ. ಹೆತ್ತದ್ದು ಒಂದು ಸಾಮಾನ್ಯ ಹಸು. ಎಂಟು ವರ್ಷ ಹಿಂದೆ ಸತ್ತ ಕಾಟಿಯ ಚರ್ಮದ ಕೋಶವನ್ನು ಶೀತಲದಲ್ಲಿ ಇಟ್ಟಿದ್ದರು, ಅದರಿಂದ ಮಾಡಿದ್ದು. 692 ಅಂಡ ಬಳಸಿ ಸಿಕ್ಕಿದ್ದು ಒಂದು ಕರು. ಎರಡು ದಿನದೊಳಗೆ ಭೇದಿ ಆಗಿ ಸತ್ತುಹೋಯಿತು.

ಅಮ್ಮತ್ತಿ ಐನ್‌ಮನೆ
ಡಾಕ್ಟ್ರೇ, ಇದನ್ನು ಅವನಿಗೆ ಈಗಲೇ ಫೋನ್ ಮಾಡಿ ಹೇಳಿದೆ. "ಎರಡೇ ದಿನವಾ?" ಅಂತ ಕೇಳಿ ಸುಮ್ಮನಾದ.

ಗೋಣಿಕೊಪ್ಪ ಸಂತೆ
ವಿಷಯ ಬಿಟ್ಟು ಒಂದು ಮಾತು. ಆ ಕಾಟಿ ತಲೆಗೆ ಅರಣ್ಯ ಇಲಾಖೆಯ ಮಾಲೀಕತ್ವದ ಪತ್ರ ಇದೆಯಾ? ಮುತ್ತಜ್ಜನ ಕಾಲದ್ದು ಆದರೂ ಬೇಕು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ಅಮ್ಮತ್ತಿ ಐನ್‌ಮನೆ
ಇದೆ ಅಂತ ದೊಡ್ಡಪ್ಪ ಹೇಳುತ್ತಾರೆ. ಕಣ್ಣಾರೆ ನೋಡಿಲ್ಲ. ಹುಡುಕಬೇಕು.

ಕುಟ್ಟ ಗಡಿ
ನಮ್ಮ ಕಡೆ ಹಿಂದೆ ನರಿ ಮಂಗಲ ಇತ್ತಲ್ಲ. ನಾಗರಹೊಳೆಯಲ್ಲಿ ಹುಲಿಯೇ ಇಲ್ಲದ ಹಾಗೆ ಆಗಿದ್ದರೆ ಇವತ್ತು ಅದನ್ನೂ ಕ್ಲೋನಿಂಗ್ ಮಾಡಿ ತರಬೇಕಿತ್ತು.

ಹುಣಸೂರು ರಸ್ತೆ
ನರಿ ಹೊಡೆದರೆ ಮಂಗಲವಾ? ಅರ್ಥ ಆಗಲಿಲ್ಲ.

ಕುಟ್ಟ ಗಡಿ
ಕೊಡವ ತಕ್ಕಿನಲ್ಲಿ ನರಿ ಅಂದರೆ ಹುಲಿ. ಹುಲಿ ಹೊಡೆದವನನ್ನು ಮದುಮಗನ ಹಾಗೆ ಕೂರಿಸಿ ಅಕ್ಕಿ ಹಾಕಿ ಹರಸುತ್ತಿದ್ದರು. ಈಗ ಹುಲಿ ದನ ಹಿಡಿದ ಸುದ್ದಿ ಬಂದರೆ ನಮಗೆ ಭಯ ಆಗುತ್ತದೆ, ನಿಜ. ಆದರೆ ಅದು ಇಲ್ಲದ ಕಾಡನ್ನು ನೆನೆಸಿಕೊಳ್ಳಲು ನನಗೆ ಆಗುವುದಿಲ್ಲ. ಅದಕ್ಕೇ ನಾನು ತರುವುದರ ಪರ.

ನಿರ್ವಾಹಕರು
ದಯವಿಟ್ಟು ಕೋವಿ, ಶಿಕಾರಿ ಕಡೆ ಹೋಗಬೇಡಿ. ಆ ವಿಷಯಕ್ಕೆ ಬೇರೆ ಚರ್ಚೆ ಇದೆ.

ಮಾದಾಪುರ ಮೇಷ್ಟ್ರು
ತೋಳದ ಸುದ್ದಿಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಷ್ಟೋ ಜನ ತಪ್ಪು ತಿಳಿದುಕೊಂಡಿದ್ದಾರೆ.

2025ರ ಏಪ್ರಿಲ್‌ನಲ್ಲಿ ಕೊಲೊಸಲ್ ಬಯೋಸೈನ್ಸಸ್ ಅನ್ನುವ ಅಮೆರಿಕದ ಕಂಪನಿ "ಡೈರ್ ವುಲ್ಫ್ ವಾಪಸ್ ಬಂತು" ಅಂತ ಹೇಳಿತು. ಅದು 10,000 ವರ್ಷಕ್ಕೂ ಹಿಂದೆ ಅಳಿದ ದೊಡ್ಡ ತೋಳ. ಅವರು ಮಾಡಿದ್ದು ಏನು? 13,000 ವರ್ಷ ಹಳೆಯ ಒಂದು ಹಲ್ಲು, 72,000 ವರ್ಷ ಹಳೆಯ ಒಂದು ತಲೆಬುರುಡೆ, ಇವುಗಳ ಡಿಎನ್‌ಎ ಓದಿದರು. ಆಮೇಲೆ ಈಗಿರುವ ಬೂದು ತೋಳದ ಕೋಶ ತೆಗೆದುಕೊಂಡು 14 ಜೀನ್‌ಗಳಲ್ಲಿ 20 ಕಡೆ ತಿದ್ದಿದರು. ಆ ಕೋಶದಿಂದ ಕ್ಲೋನಿಂಗ್ ಮಾಡಿ ನಾಯಿಯ ಗರ್ಭದಲ್ಲಿ ಬೆಳೆಸಿದರು. ಮರಿಗಳು ಬೆಳ್ಳಗೆ, ದೊಡ್ಡದಾಗಿ, ಚೆನ್ನಾಗಿವೆ. ಆದರೆ ಉಳಿದ ಲಕ್ಷಗಟ್ಟಲೆ ವ್ಯತ್ಯಾಸ ಹಾಗೇ ಇದೆ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ನಾಯಿ-ತೋಳ ತಜ್ಞರ ತಂಡವೇ ಇದು ಡೈರ್ ವುಲ್ಫ್ ಅಲ್ಲ ಅಂತ ಹೇಳಿತು. ಬೂದು ತೋಳಕ್ಕೆ ಹಳೇ ತೋಳದ ರೂಪ ಕೊಟ್ಟಿದ್ದಾರೆ, ಅಷ್ಟೇ. ಮಕ್ಕಳಿಗೆ ಹಾಗೆಯೇ ಹೇಳಬೇಕು.

ಪೊನ್ನಂಪೇಟೆ ಫಾರೆಸ್ಟ್ರಿ
ಮೇಷ್ಟ್ರೇ, ಒಪ್ಪಿದೆ. ಆದರೆ ಆ ಹಳೇ ಪ್ರಾಣಿ ಮಾಡುತ್ತಿದ್ದ ಕೆಲಸವನ್ನು ಕಾಡಿನಲ್ಲಿ ಇದು ಮಾಡಿದರೆ ಸಾಕಲ್ಲ? ಹೆಸರು ಏನಾದರೆ ಏನು?

ವಾಲ್ನೂರು ಹೊಳೆ
ಸಾಕಾಗುವುದಿಲ್ಲ ತಂಗಿ. ನಮ್ಮ ಕಾವೇರಿಯಲ್ಲೇ ಇದು ನಡೆದುಹೋಗಿದೆ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ನಾನು ಹೊಳೆ ದಡದಲ್ಲೇ ಬೆಳೆದವನು. ಅಪ್ಪ ಮಹಶೀರ್ ಬಗ್ಗೆ ಮಾತಾಡಲು ಶುರು ಮಾಡಿದರೆ ಕಾಫಿ ಆರಿಹೋಗುತ್ತಿತ್ತು. ನಮ್ಮ ಕಾವೇರಿಗೆ ಅಂತಲೇ ಒಂದು ಮಹಶೀರ್ ಇದೆ. ಬೆನ್ನು ಉಬ್ಬಿರುತ್ತದೆ, ರೆಕ್ಕೆ ಕಿತ್ತಳೆ ಬಣ್ಣ, 50 ಕಿಲೋ ದಾಟಿ ಬೆಳೆಯುತ್ತದೆ. ಲೋಕದಲ್ಲಿ ಬೇರೆ ಯಾವ ಹೊಳೆಯಲ್ಲೂ ಇಲ್ಲ, ಕಾವೇರಿ ಮತ್ತು ಅದಕ್ಕೆ ಸೇರುವ ಹೊಳೆಗಳಲ್ಲಿ ಮಾತ್ರ. 1970ರ ದಶಕದಿಂದ ಬೇರೆ ಕಡೆ ಮರಿ ಮಾಡಿದ ನೀಲಿ ರೆಕ್ಕೆಯ ಮಹಶೀರನ್ನು ತಂದು ಬಿಟ್ಟರು. ಒಳ್ಳೇ ಮನಸ್ಸಿನಿಂದಲೇ ಬಿಟ್ಟರು, ಮಹಶೀರ್ ಕಡಿಮೆ ಆಗುತ್ತಿದೆ, ಜಾಸ್ತಿ ಆಗಲಿ ಅಂತ. ಅದೂ ಮಹಶೀರೇ ಅಲ್ವಾ ಅಂದುಕೊಂಡರು.

ಆ ನೀಲಿ ರೆಕ್ಕೆಯದು ಹೊಳೆ ತುಂಬಿತು. ನಮ್ಮ ಕಿತ್ತಳೆ ರೆಕ್ಕೆಯದು ಹೋಗುತ್ತಾ ಬಂತು. ಎಷ್ಟೋ ವರ್ಷ ಯಾರಿಗೂ ಗೊತ್ತೇ ಆಗಲಿಲ್ಲ, ಯಾಕೆಂದರೆ ಗಾಳಕ್ಕೆ ಮಹಶೀರ್ ಬೀಳುತ್ತಲೇ ಇತ್ತು! 2018ರಲ್ಲಿ ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಮಾಡಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಅಷ್ಟರಲ್ಲಿ ತುಂಬ ತಡವಾಗಿತ್ತು.

ನೋಡಲು ಅದರ ಹಾಗೇ ಇರುವುದನ್ನು ತಂದು ಬಿಟ್ಟರೆ ನಿಜವಾದದ್ದು ಹೋದದ್ದೂ ಗೊತ್ತಾಗುವುದಿಲ್ಲ. ಆ ತೋಳದ ಸುದ್ದಿ ಓದಿದಾಗ ನನಗೆ ಮೊದಲು ನೆನಪಾದದ್ದು ಈ ಮೀನು. "ಇನ್ನೇನು ಭಯ, ಬೇಕಾದರೆ ಹುಟ್ಟಿಸಿಕೊಳ್ಳಬಹುದು" ಅಂತ ಒಮ್ಮೆ ಜನರ ತಲೆಗೆ ಬಂದರೆ ಹೊಳೆಯನ್ನು ಯಾರು ಕಾಯುತ್ತಾರೆ ಹೇಳಿ.

ಕಕ್ಕಬೆ ಜೇನು
ಈ ಮೀನಿನ ಕಥೆ ನನಗೆ ಗೊತ್ತಿರಲಿಲ್ಲ. ಮನಸ್ಸು ಭಾರ ಆಯಿತು.

ಪೊನ್ನಂಪೇಟೆ ಫಾರೆಸ್ಟ್ರಿ
ಅಣ್ಣ, ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇಲ್ಲ. ಆದರೆ ಒಂದು ಕೇಳುತ್ತೇನೆ. ಆ ಕಿತ್ತಳೆ ರೆಕ್ಕೆಯ ಮೀನಿನ ಕೋಶವನ್ನು ಈಗಲೇ ತೆಗೆದು ಇಟ್ಟರೆ? ಅದೂ ಬೇಡವಾ?

ಸೋಮವಾರಪೇಟೆ ದನದ ಡಾಕ್ಟರ್
ಅದು ಬೇಕು. ಅಲ್ಲೇ ನಾನು ನಿಮ್ಮ ಕಡೆ. ಅಮೆರಿಕದಲ್ಲಿ ಕಪ್ಪು ಪಾದದ ಫೆರೆಟ್ ಅಂತ ಮುಂಗುಸಿ ಗಾತ್ರದ ಪ್ರಾಣಿ ಇದೆ. 2020ರವರೆಗೆ ಇದ್ದ ಎಲ್ಲವೂ ಏಳೇ ಏಳು ಪ್ರಾಣಿಗಳ ಸಂತಾನ. ಒಂದೇ ರಕ್ತ, ಹಾಗಾಗಿ ರೋಗ ತಡೆಯುವ ಶಕ್ತಿ ಕಡಿಮೆ. 1988ರಲ್ಲಿ ಸತ್ತ ವಿಲ್ಲಾ ಎಂಬ ಫೆರೆಟ್‌ನ ಕೋಶ ಶೀತಲದಲ್ಲಿ ಇತ್ತು. ಆ ಏಳರಲ್ಲಿ ಅದು ಸೇರಿರಲಿಲ್ಲ. 2020ರ ಡಿಸೆಂಬರ್‌ನಲ್ಲಿ ಆ ಕೋಶದಿಂದ ಎಲಿಜಬೆತ್ ಆ್ಯನ್ ಹುಟ್ಟಿದಳು. ಕಳೆದುಹೋಗಿದ್ದ ರಕ್ತ ಮತ್ತೆ ಸೇರಲು ದಾರಿ ಆಯಿತು. ಇದು ಪ್ರಯೋಜನದ ಕೆಲಸ.

ಪೂರ್ತಿ ಅಳಿದ ಮೇಲೆ ತರುವುದು ಎಷ್ಟು ಕಷ್ಟ ಅನ್ನುವುದಕ್ಕೆ ಸ್ಪೇನಿನ ಬುಕಾರ್ಡೊ ಸಾಕ್ಷಿ. ಅದು ಬೆಟ್ಟದ ಕಾಡುಮೇಕೆ. ಕೊನೆಯ ಹೆಣ್ಣು ಸೆಲಿಯಾ 2000ದ ಜನವರಿಯಲ್ಲಿ ಮರ ಬಿದ್ದು ಸತ್ತಿತು. ಹಿಂದಿನ ವರ್ಷವೇ ಕೋಶ ತೆಗೆದಿಟ್ಟಿದ್ದರು. 2003ರಲ್ಲಿ ಮೇಕೆಯ ಹೊಟ್ಟೆ ಕೊಯ್ದು ಮರಿ ತೆಗೆದರು. ಶ್ವಾಸಕೋಶ ಸರಿ ಇರಲಿಲ್ಲ, ಕೆಲವೇ ನಿಮಿಷ ಬದುಕಿತು. ಹಾಗೆ ಒಂದು ಜಾತಿ ಎರಡು ಸಲ ಅಳಿಯಿತು. ಬದುಕಿದ್ದರೂ ಏನು? ಅದು ಹೆಣ್ಣು, ಜೊತೆಗೆ ಗಂಡು ಎಲ್ಲಿಂದ ತರುವುದು?

ಸಿದ್ದಾಪುರ ತೋಟ
ನಾನು ಬೆಳಿಗ್ಗೆ ಒಂದೇ ಮಾತು ಬರೆದು ಹೋದೆ. ಈಗ ಬಿಡುವಾಗಿದೆ, ಯಾಕೆ ಅಂತ ಹೇಳುತ್ತೇನೆ.

ಆ ತೋಳದ ಕಂಪನಿಯವರ ದೊಡ್ಡ ಆಸೆ ಮ್ಯಾಮತ್. ಉಣ್ಣೆ ಕೂದಲಿನ ಹಳೇ ಆನೆ. 2028ಕ್ಕೆ ಮರಿ ಹುಟ್ಟಿಸುತ್ತೇವೆ ಅನ್ನುತ್ತಾರೆ. ಅದಕ್ಕೆ ಹತ್ತಿರದ ಸಂಬಂಧಿ ಆಫ್ರಿಕಾದ ಆನೆ ಅಲ್ಲ, ನಮ್ಮ ಏಷ್ಯಾದ ಆನೆ. ಅಂದರೆ ಈ ತೋಟಗಳಲ್ಲಿ ದಿನಾ ಓಡಾಡುವ ಜಾತಿಯೇ.

ನಮ್ಮ ಬದುಕು ನೋಡಿ. ಬೆಳಿಗ್ಗೆ ಎದ್ದರೆ ಮೊದಲು ಮೊಬೈಲ್‌ನಲ್ಲಿ ಆನೆ ಎಲ್ಲಿದೆ ಅನ್ನುವ ಮೆಸೇಜ್. ಅದು ನೋಡಿದ ಮೇಲೆ ಲೈನ್‌ಮನೆಯವರನ್ನು ಕೆಲಸಕ್ಕೆ ಕಳಿಸುವುದು. ಹಲಸು ಹಣ್ಣಾಗುವ ಮೊದಲೇ ಕಾಯಿ ಕಡಿದು ಹಾಕುತ್ತೇವೆ, ವಾಸನೆಗೆ ಬರಬಾರದು ಅಂತ. ಕಂದಕ ತೋಡಿದರು, ಮಣ್ಣು ತಳ್ಳಿ ದಾಟಿದವು. ಸೋಲಾರ್ ಬೇಲಿ ಹಾಕಿದರು, ಮರ ಬೀಳಿಸಿ ದಾಟಿದವು. ರೈಲ್ವೆ ಕಂಬಿ ನೆಟ್ಟ ಕಡೆ ಸ್ವಲ್ಪ ನಿಂತಿದೆ, ಆದರೆ ಎಲ್ಲಾ ಕಡೆ ಇಲ್ಲ. ಹೋದ ವರ್ಷ ನಮ್ಮ ಕೆರೆಗೆ ಬಿದ್ದ ಮರಿಯನ್ನು ಎತ್ತಲು ರಾತ್ರಿಯಿಡೀ ತಾಯಿ ದಡದಲ್ಲೇ ನಿಂತಿತ್ತು. ಬೆಳಗಾಗುವಾಗ ಜೆಸಿಬಿ ತಂದು ಕೆರೆ ಬದಿ ಕಡಿದು ದಾರಿ ಮಾಡಿದೆವು. ಮರಿ ಹತ್ತಿ ಬಂತು. ಆ ಹಿಂಡು ನಮ್ಮ ಒಂದು ಎಕರೆ ಕಾಫಿ ತುಳಿದು ಹೋಯಿತು. ಆ ದಿನ ನನಗೆ ಬೇಸರ ಆಗಲಿಲ್ಲ.

2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆ ಅಂತ ಬಂತು. ದೇಶದಲ್ಲೇ ಜಾಸ್ತಿ. ಇಷ್ಟು ಜೀವಂತ ಆನೆಗಳಿಗೆ ಒಂದು ಕಾಡಿನಿಂದ ಇನ್ನೊಂದು ಕಾಡಿಗೆ ಹೋಗಲು ದಾರಿ ಬಿಡಲು ನಮ್ಮ ಹತ್ತಿರ ದುಡ್ಡಿಲ್ಲ, ಜಾಗ ಇಲ್ಲ. 4,000 ವರ್ಷ ಹಿಂದೆ ಸತ್ತ ಆನೆಗೆ ಎಲ್ಲಿಂದ ಬರುತ್ತದೆ?

ಪೊನ್ನಂಪೇಟೆ ಫಾರೆಸ್ಟ್ರಿ
ಆ ದುಡ್ಡು ನಮ್ಮ ಬೇಲಿಗೆ ಬರುವ ದುಡ್ಡಲ್ಲ ಅಣ್ಣ, ಹೂಡಿಕೆದಾರರದ್ದು. ಅಲ್ಲಿ ನಿಲ್ಲಿಸಿದರೆ ಇಲ್ಲಿ ಬರುವುದಿಲ್ಲ. ಇನ್ನೊಂದು, ಆನೆ ಮರಿಗಳನ್ನು ಕೊಲ್ಲುವ ಹರ್ಪೀಸ್ ವೈರಸ್‌ಗೆ ಲಸಿಕೆ ಮಾಡುವ ಕೆಲಸಕ್ಕೂ ಅದೇ ಕಂಪನಿ ಕೈ ಹಾಕಿದೆ. ಆ ರೋಗ ನಮ್ಮ ದೇಶದ ಮರಿಗಳಿಗೂ ಬರುತ್ತದೆ. ಲಾಭ ಇಲ್ಲವೇ ಇಲ್ಲ ಅನ್ನಬೇಡಿ.

ಸೋಮವಾರಪೇಟೆ ದನದ ಡಾಕ್ಟರ್
ಲಸಿಕೆಯ ಮಾತು ಸರಿ. 1968ರಲ್ಲಿ ಬಂಡೀಪುರ, ಮುದುಮಲೆ ಕಡೆ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂದು ಕಾಟಿಗಳು ರಾಶಿರಾಶಿ ಸತ್ತವು. ಆಮೇಲೆ ದನಗಳಿಗೆ ಲಸಿಕೆ ಹಾಕುತ್ತಾ ಬಂದರು, 2011ರಲ್ಲಿ ಲೋಕದಿಂದಲೇ ಆ ರೋಗ ಹೋಯಿತು. ಊರಿನ ದನಕ್ಕೆ ಹಾಕಿದ ಸೂಜಿ ಕಾಡಿನ ಕಾಟಿಯನ್ನು ಉಳಿಸಿತು. 692 ಅಂಡದಿಂದ ಆಗದ ಕೆಲಸ.

ಮತ್ತಿಗೋಡು ಕಾವಾಡಿ ಮನೆ
ನಾನು ಇಲ್ಲಿ ಬರೆಯುವುದು ಕಡಿಮೆ. ಇದನ್ನು ಓದಿ ಬರೆಯಬೇಕು ಅನ್ನಿಸಿತು.

ಅಪ್ಪ ಮಾವುತ. ನಾನು ಆನೆ ಕ್ಯಾಂಪಿನಲ್ಲೇ ಹುಟ್ಟಿ ಬೆಳೆದವನು. ಎಲ್ಲರೂ ಹುಟ್ಟುವ ಮರಿಯ ವಿಷಯ ಮಾತಾಡುತ್ತಿದ್ದೀರಿ. ಹೆರುವ ತಾಯಿಯ ವಿಷಯ ಯಾರೂ ಕೇಳಲಿಲ್ಲ. ಆನೆ ಹೊರುವುದು ಸುಮಾರು 22 ತಿಂಗಳು. ಡಾಕ್ಟರ್ ಹೇಳಿದ ಹಾಗೆ ನೂರಾರು ಸಲ ಮಾಡಿದರೆ ಒಂದು ನಿಲ್ಲುತ್ತದೆ ಅಂದರೆ, ನಿಲ್ಲದೆ ಹೋದದ್ದನ್ನು ಹೊತ್ತ ಆನೆಗಳ ಕಥೆ ಏನು? ನಮ್ಮ ಕ್ಯಾಂಪಿನಲ್ಲಿ ನಾನು ಚಿಕ್ಕವನಿದ್ದಾಗ ಒಂದು ಮರಿ ಹುಟ್ಟಿ ಮೂರೇ ದಿನಕ್ಕೆ ಹೋಯಿತು. ತಾಯಿ ಕುಸುರೆ ಮುಟ್ಟಲಿಲ್ಲ. ಅಪ್ಪ ಕೈಯಲ್ಲಿ ಹಿಡಿದು ಬಾಯಿಗೆ ಇಟ್ಟರೂ ಕೆಳಗೆ ಬಿಡುತ್ತಿತ್ತು. ಮರಿ ಮಲಗಿದ್ದ ಜಾಗದ ಮಣ್ಣನ್ನು ಸೊಂಡಿಲಿನಿಂದ ಮೂಸುತ್ತಿತ್ತು. ಅಪ್ಪನೂ ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ಇನ್ನೊಂದು ವಿಷಯ. ಆನೆ ಮರಿ ಹುಟ್ಟುವಾಗ ಎಲ್ಲಾ ಕಲಿತು ಬರುವುದಿಲ್ಲ. ಸೊಂಡಿಲು ಹಿಡಿಯುವುದೂ ಬರುವುದಿಲ್ಲ. ನೀರು ಎಲ್ಲಿ, ಯಾವ ಸೊಪ್ಪು ತಿನ್ನಬೇಕು, ಬೇಸಿಗೆಯಲ್ಲಿ ಯಾವ ದಾರಿ, ಎಲ್ಲಾ ಹಿರಿ ಹೆಣ್ಣಾನೆ ಕಲಿಸಬೇಕು. ಮ್ಯಾಮತ್ ಮರಿಗೆ ಹಿಮದಲ್ಲಿ ಬದುಕುವುದನ್ನು ಯಾರು ಕಲಿಸುತ್ತಾರೆ? ಅದಕ್ಕೆ ಅಜ್ಜಿ ಇಲ್ಲ. ಬಿಸಿಲ ನಾಡಿನ ತಾಯಿ, ಚಳಿ ನಾಡಿನ ಮರಿ. ಯೋಚನೆ ಮಾಡಿ.

ಕಕ್ಕಬೆ ಜೇನು
"ಅದಕ್ಕೆ ಅಜ್ಜಿ ಇಲ್ಲ." ಅಣ್ಣ, ಈ ಮಾತು ಇವತ್ತು ನಿದ್ದೆ ಮಾಡಲು ಬಿಡುವುದಿಲ್ಲ.

ಹುಣಸೂರು ರಸ್ತೆ
ತಾಯಿ ಬೇಡ, ಯಂತ್ರದ ಗರ್ಭ ಮಾಡುತ್ತಾರಂತಲ್ಲ?

ಸೋಮವಾರಪೇಟೆ ದನದ ಡಾಕ್ಟರ್
ಪ್ರಯತ್ನ ನಡೆದಿದೆ. ಆದರೆ 100 ಕಿಲೋ ತೂಗುವ ಮರಿಯನ್ನು ಶುರುವಿನಿಂದ ಕೊನೆಯವರೆಗೆ ಬೆಳೆಸುವ ಯಂತ್ರ ಇವತ್ತು ಎಲ್ಲೂ ಇಲ್ಲ.

ಪೊನ್ನಂಪೇಟೆ ಫಾರೆಸ್ಟ್ರಿ
ಕಾವಾಡಿ ಅಣ್ಣ, ಮ್ಯಾಮತ್ ವಿಷಯದಲ್ಲಿ ನಾನು ಹಿಂದೆ ಸರಿದೆ. ನೀವು ಹೇಳಿದ್ದನ್ನು ಕ್ಲಾಸಿನಲ್ಲಿ ಯಾರೂ ಹೇಳಿರಲಿಲ್ಲ. ಆದರೆ ಥೈಲಸೀನ್ ವಿಷಯದಲ್ಲಿ ಬಿಡುವುದಿಲ್ಲ. ಅದರ ಕಾಡು ಇನ್ನೂ ಇದೆ. ಹೋಗಿ ನೂರು ವರ್ಷವೂ ಆಗಿಲ್ಲ.

ಮಾದಾಪುರ ಮೇಷ್ಟ್ರು
ಹಾಗಾದರೆ ಚೀತಾ ನೋಡಿ. ನಮ್ಮ ದೇಶದ ಕೊನೆಯ ಮೂರನ್ನು 1947ರಲ್ಲಿ ಈಗಿನ ಛತ್ತೀಸ್‌ಗಢದಲ್ಲಿ ಒಬ್ಬ ಮಹಾರಾಜರು ಹೊಡೆದರು ಅಂತ ಹೇಳುತ್ತಾರೆ. 1952ರಲ್ಲಿ ಅಳಿದಿದೆ ಎಂದು ಘೋಷಣೆ ಆಯಿತು. ಹೈದರಾಬಾದಿನ ವಿಜ್ಞಾನಿಗಳು ಇರಾನಿನ ಚೀತಾದಿಂದ ಕೋಶ ಪಡೆದು ಕ್ಲೋನಿಂಗ್ ಮಾಡಲು ಯೋಚಿಸಿದ್ದರು, ಇರಾನ್ ಒಪ್ಪಲಿಲ್ಲ. ಕೊನೆಗೆ 2022ರಲ್ಲಿ ನಮೀಬಿಯಾದಿಂದ ಎಂಟು ಜೀವಂತ ಚೀತಾ ತಂದು ಮಧ್ಯಪ್ರದೇಶದ ಕುನೋ ಕಾಡಿನಲ್ಲಿ ಬಿಟ್ಟರು. ಮರು ವರ್ಷ ದಕ್ಷಿಣ ಆಫ್ರಿಕಾದಿಂದ 12. ಕೆಲವು ಸತ್ತವು, ಕೆಲವು ಮರಿ ಹಾಕಿದವು. ಲ್ಯಾಬಿನ ಕೆಲಸ ಏನೂ ಇಲ್ಲ. ಆರೋಗ್ಯವಂತ ಪ್ರಾಣಿ, ಸಿದ್ಧ ಮಾಡಿದ ಕಾಡು, ಆದರೂ ಇಷ್ಟು ಕಷ್ಟ. ಹುಟ್ಟಿಸುವುದು ಅರ್ಧ ಕೆಲಸವೂ ಅಲ್ಲ ತಾಯಿ.

ಕಕ್ಕಬೆ ಜೇನು
ನಾನು ಒಂದು ಒಳ್ಳೇ ಸುದ್ದಿ ಹೇಳಲಾ? ಕೊಡಗಿನ ಇರುಳು ಕಪ್ಪೆ ಅಂತ ಇದೆ. 1920ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅದರ ಬಗ್ಗೆ ಬರೆದಿದ್ದರು. ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಹೋಯಿತು ಅಂತಲೇ ಅಂದುಕೊಂಡಿದ್ದರು. 91 ವರ್ಷ ಆದ ಮೇಲೆ, 2011ರಲ್ಲಿ, ಮತ್ತೆ ಸಿಕ್ಕಿತು ಅಂತ ವಿಜ್ಞಾನಿಗಳು ಹೇಳಿದರು. ಯಾರೂ ಹುಟ್ಟಿಸಲಿಲ್ಲ. ತೊರೆ ಉಳಿದಿತ್ತು, ಕಪ್ಪೆಯೂ ಉಳಿದಿತ್ತು.

ನಮ್ಮ ಜಿಲ್ಲೆಯಲ್ಲಿ ಸಾವಿರಕ್ಕೂ ಜಾಸ್ತಿ ದೇವರಕಾಡು ಇವೆ. ನಮ್ಮೂರಿನದ್ದು ನಾಲ್ಕು ಎಕರೆ. ಒಳಗೆ ಏನೇನು ಇದೆ ಅಂತ ಯಾರೂ ಪೂರ್ತಿ ಎಣಿಸಿಲ್ಲ. ಈ ಮಳೆಗಾಲ ಮುಗಿಯುವ ಮೊದಲು ಟಾರ್ಚ್ ಹಿಡಿದು ಕಪ್ಪೆ ನೋಡಲು ಹೋಗೋಣ ಅಂತ ನಾವು ನಾಲ್ಕು ಜನ ಮಾತಾಡಿಕೊಂಡಿದ್ದೇವೆ. ಪೊನ್ನಂಪೇಟೆಯ ತಂಗಿ ಬರುವುದಾದರೆ ಹೇಳಲಿ. ಜಿಗಣೆಗೆ ಹೊಗೆಸೊಪ್ಪು ನಾವೇ ತರುತ್ತೇವೆ.

ಪೊನ್ನಂಪೇಟೆ ಫಾರೆಸ್ಟ್ರಿ
ಖಂಡಿತ ಬರುತ್ತೇನೆ ಅಕ್ಕ. ಇನ್ನೂ ಇಬ್ಬರನ್ನು ಕರೆದುಕೊಂಡು ಬರುತ್ತೇನೆ.

ಅಮ್ಮತ್ತಿ ಐನ್‌ಮನೆ
ಎಲ್ಲವನ್ನೂ ಕೂತು ಓದಿದೆ. ನಾನು ಶುರುವಿನಲ್ಲಿ ಬರೆದ "ತರಬೇಕು" ಅನ್ನುವ ಮಾತು ಈಗ ಅಷ್ಟು ಗಟ್ಟಿಯಾಗಿಲ್ಲ. ವಾಲ್ನೂರಿನವರ ಮೀನು, ಕಾವಾಡಿ ಅಣ್ಣನ ತಾಯಾನೆ, ಎರಡೂ ತಲೆಯಲ್ಲಿ ಕೂತಿವೆ. ಆದರೆ ತಪ್ಪು ಮಾಡಿದ ಮನೆಯವನು ನಾನು, ಏನಾದರೂ ಮಾಡಬೇಕು ಅನ್ನುವುದು ಹೋಗಿಲ್ಲ.

ಡಾಕ್ಟ್ರೇ, ಅಳಿಯ ಮತ್ತೆ ಕೇಳುತ್ತಿದ್ದಾನೆ. ಹುಟ್ಟಿಸಲು ಆಗದಿದ್ದರೆ ಬೇಡ, ಆ ತಲೆ ಬೇರೆ ಏನಕ್ಕಾದರೂ ಉಪಯೋಗಕ್ಕೆ ಬರುತ್ತದಾ ಅಂತ.

ಸೋಮವಾರಪೇಟೆ ದನದ ಡಾಕ್ಟರ್
ಬರಬಹುದು. 1968ರ ರೋಗಕ್ಕೆ ಮೊದಲು ಇಲ್ಲಿದ್ದ ಕಾಟಿಗಳ ರಕ್ತ, ಅಂದರೆ ಡಿಎನ್‌ಎ, ಹೇಗಿತ್ತು, ಆಮೇಲೆ ಏನು ಕಳೆದುಹೋಯಿತು, ಇದನ್ನು ಹೋಲಿಸಿ ನೋಡಲು ಹಳೇ ಮೂಳೆ, ಕೊಂಬು, ಚರ್ಮ ಬೇಕಾಗುತ್ತದೆ. ಕೊಂಬಿನ ಒಳಗಿನ ಮೂಳೆಯಿಂದ ಚೂರು ತೆಗೆದರೆ ಹೊರಗೆ ಗೊತ್ತೂ ಆಗುವುದಿಲ್ಲ. ಆದರೆ ಮೊದಲು ಗೋಣಿಕೊಪ್ಪದವರು ಹೇಳಿದ ಪತ್ರ ಬೇಕು, ಅರಣ್ಯ ಇಲಾಖೆಯ ಅನುಮತಿ ಬೇಕು. ಹೊಡೆದ ವರ್ಷ, ಜಾಗ ಬರೆದಿಟ್ಟಿದ್ದರೆ ಇನ್ನೂ ಒಳ್ಳೆಯದು.

ಅಮ್ಮತ್ತಿ ಐನ್‌ಮನೆ
ವರ್ಷ ಹಲಗೆಯ ಹಿಂದೆ ಬರೆದಿದೆ ಅಂತ ದೊಡ್ಡಪ್ಪ ಹೇಳುತ್ತಿದ್ದರು. ಶನಿವಾರ ಅಳಿಯನನ್ನು ಕರೆದುಕೊಂಡು ಹೋಗಿ ತಲೆ ಕೆಳಗಿಳಿಸಿ ನೋಡುತ್ತೇನೆ. ಪತ್ರ ಅಜ್ಜನ ಟ್ರಂಕ್‌ನಲ್ಲಿ ಇರಬೇಕು.